ತವರಿನ ಮಾಳಿಗೆಯ ಮೇಲೆ ಕೃತ್ತಿಕೆ

ಕೃತ್ತಿಕೆ, ರೋಹಿಣಿ, ಮೃಗಶಿರ! ಜಾತಕಕ್ಕೆ ಬೇಕು, ಅರ್ಚನೆಗೆ ಬೇಕು, ರೈತರ ಮಳೆ ಲೆಕ್ಕಕ್ಕೂ ಬೇಕು. ಆದರೆ ಅವು ಆಕಾಶದಲ್ಲಿ ಎಲ್ಲಿವೆಯೆಂದು ನೀವು ನೋಡಿದ್ದೀರಾ? 2023ರ ಡಿಸೆಂಬರ್‌ವರೆಗೆ ನಾನೂ ನೋಡಿರಲಿಲ್ಲ.

ಮಗನಿಗೆಂದು ಕೊಂಡ ದೂರದರ್ಶಕ ಅಟ್ಟ ಸೇರಿತ್ತು. 60 ಮಿಲಿಮೀಟರ್ ಮಸೂರದ ಪುಟ್ಟದು. ಪೇಟೆಯ ಬೀದಿದೀಪಗಳ ನಡುವೆ ಚಂದ್ರನನ್ನು ಬಿಟ್ಟರೆ ಅದರಲ್ಲಿ ಹೆಚ್ಚೇನೂ ಕಂಡಿರಲಿಲ್ಲ. ಅಮಾವಾಸ್ಯೆ ಕಳೆದೊಡನೆ ಚಳ್ಳಕೆರೆ ಕಡೆಯ ತವರಿಗೆ ಹೊರಟಾಗ ಅದನ್ನೂ ಹಳೆ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಕಾರಣ ಅಮ್ಮ. ಅವಳದು ಕೃತ್ತಿಕಾ ನಕ್ಷತ್ರ. ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದಕ್ಕೆ ಪೊರೆ ಬಂದಿದೆ. ಆಪರೇಷನ್ ಎಂದರೆ, "ಇನ್ನೇನು ನೋಡೋದಿದೆ ನಂಗೆ? ಬೇಡ ಬಿಡು" ಅನ್ನುತ್ತಿದ್ದಳು.

ಆ ಸೀಮೆ ಬಯಲು. ಮಳೆ ಕಡಿಮೆ, ಮರ ಕಡಿಮೆ, ಆಕಾಶ ಮಾತ್ರ ಧಾರಾಳ. ಸಂಜೆ ಮಾಳಿಗೆ ಹತ್ತಿ ದೀಪವಾರಿಸಿ ಕುಳಿತೆವು. ಕತ್ತಲಿಗೆ ಕಣ್ಣು ಒಗ್ಗಲು ಕಾಲು ಗಂಟೆಯಾದರೂ ಬೇಕು. ನೈಋತ್ಯದಲ್ಲಿ ಶನಿ, ಬಳೆ ತೊಟ್ಟ ಸಾಸಿವೆ ಕಾಳಿನಂತೆ! ಗುರುವಿನ ಮಗ್ಗುಲಲ್ಲಿ ಅವನ ಚಂದ್ರರು ಚುಕ್ಕಿ ಇಟ್ಟಂತೆ ಸಾಲಾಗಿದ್ದವು. 1610ರಲ್ಲಿ ಗೆಲಿಲಿಯೋ ತನ್ನ ಪುಟ್ಟ ದೂರದರ್ಶಕದಲ್ಲಿ ಕಂಡದ್ದೂ ಇವನ್ನೇ.

ಆಮೇಲೆ ಕೃತ್ತಿಕೆ. "ಕೃತ್ತಿಕೆ ಮಳೆ ಬರೋದು ಬೇಸಿಗೇಲಿ. ಈಗೆಲ್ಲಿಂದ ಬಂತೇ?" ಎಂದಳು ಅಮ್ಮ. ಪ್ರಶ್ನೆ ಸರಿಯೇ. ಮೇ ತಿಂಗಳಲ್ಲಿ ಸೂರ್ಯ ಕೃತ್ತಿಕೆಯ ಕಡೆ ಇರುವುದರಿಂದಲೇ ಆ ಮಳೆಗೆ ಆ ಹೆಸರು. ಆಗ ಸೂರ್ಯನ ಬೆಳಕಿನಲ್ಲಿ ನಕ್ಷತ್ರ ಕಾಣದು. ಹುಣ್ಣಿಮೆ ಚಂದ್ರ ಅದರ ಹತ್ತಿರ ಬರುವ ತಿಂಗಳು ಕಾರ್ತಿಕ. ಅಲ್ಲಿಂದ ಚಳಿಗಾಲವಿಡೀ ಸಂಜೆಹೊತ್ತು ಕಾಣುತ್ತದೆ.

"ಏನೂ ಕಾಣ್ತಿಲ್ಲ ಕಣೆ." ಭೂಮಿ ತಿರುಗುತ್ತಿರುವುದರಿಂದ ನಕ್ಷತ್ರ ಕೊಳವೆಯಿಂದ ಜಾರಿಹೋಗುತ್ತಿರುತ್ತದೆ. ಮತ್ತೆ ಗುರಿಯಿಟ್ಟು, ತಿರುಪನ್ನು ಮೆಲ್ಲಗೆ ತಿರುಗಿಸಿದೆ. ಅಮ್ಮ ಉಸಿರು ಹಿಡಿದಳು. "ಇದೆ... ಇದೆ! ಒಂದು, ಎರಡು..." ಆರರವರೆಗೆ ಎಣಿಸಿದಳು. ನನ್ನ ಕಣ್ಣಿಗೆ ಹತ್ತಾರು ಕಂಡಿದ್ದವು. ಷಣ್ಮುಖನನ್ನು ಸಾಕಿದ ಕೃತ್ತಿಕೆಯರೂ ಆರೇ ಅಲ್ಲವೇ? ನಾನು ಸುಮ್ಮನಿದ್ದೆ. ಆ ಬೆಳಕು ಹೊರಟು ಸುಮಾರು 440 ವರ್ಷ ಆಯಿತೆಂದಾಗ, "ಪಾಪ, ಅಷ್ಟು ದೂರದಿಂದ ಬಂದಿದೆ!" ಎಂದು ಮತ್ತೊಮ್ಮೆ ಕಣ್ಣಿಟ್ಟಳು.

ನಿಮ್ಮ ಮನೆಯಲ್ಲೂ ಇಂಥದೊಂದು ಮೂಲೆ ಸೇರಿದ್ದರೆ ಹೊರತೆಗೆಯಿರಿ. ಮೊದಲು ಕಡಿಮೆ ಶಕ್ತಿಯ ಮಸೂರ ಹಾಕಿ. ಚಂದ್ರನ ಕುಳಿಗಳನ್ನು ನೋಡಲು ಹುಣ್ಣಿಮೆಗಿಂತ ಶುಕ್ಲಪಕ್ಷದ ಅಷ್ಟಮಿ ವಾಸಿ. ಸೂರ್ಯನ ಕಡೆಗೆ ಮಾತ್ರ ಎಂದೂ ತಿರುಗಿಸಬೇಡಿ, ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಮಕ್ಕಳಿಗೆ ಒತ್ತಿ ಹೇಳಿ.

ಬೆಳಿಗ್ಗೆ ಕಾಫಿ ಕೊಡುತ್ತಾ ಅಮ್ಮ ಕೇಳಿದಳು: "ಆ ಕಣ್ಣಿನ ಡಾಕ್ಟರು ಯಾವ ವಾರ ಸಿಗ್ತಾರೆ?"