ಸೇತುವೆಯ ಮೇಲೊಂದು ನಿಲುಗಡೆ

ಖಾನಾಪುರದಲ್ಲಿ ಮಲಪ್ರಭೆಯನ್ನು ದಾಟುವ ಸೇತುವೆಯ ಮೇಲೆ ನನ್ನ ಆಯುಷ್ಯದಲ್ಲಿ ನಾನು ಎಷ್ಟು ಸಲ ಹಾದುಹೋಗಿರುವೆನೆಂಬುದಕ್ಕೆ ಲೆಕ್ಕವಿಲ್ಲ. ನಂದಗಡದ ಕಡೆಯ ನಮ್ಮ ಹಳ್ಳಿಯಿಂದ ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಟ್ರಂಕು ಹೊತ್ತು ಹೊರಟಂದು, ಮದುವೆಯ ದಿಬ್ಬಣದೊಡನೆ ಹಿಂದಿರುಗಿದಂದು, ಎದೆನೋವಿನಿಂದ ನರಳುತ್ತಿದ್ದ ತಾಯಿಯವರನ್ನು ಜೀಪಿನಲ್ಲಿ ಮಲಗಿಸಿಕೊಂಡು ಬೆಳಗಾವಿಯ ಆಸ್ಪತ್ರೆಗೆ ಧಾವಿಸಿದಂದು, ಹೀಗೆ ಸುಖದಲ್ಲಿಯೂ ದುಃಖದಲ್ಲಿಯೂ ಆ ಸೇತುವೆ ನನ್ನನ್ನು ಹೊತ್ತು ದಾಟಿಸಿತು. ಆದರೆ ನೀರನ್ನು ನೋಡುವುದಕ್ಕೆಂದೇ ಅದರ ಮೇಲೆ ನಾನು ಒಂದು ದಿನವಾದರೂ ನಿಂತವನಲ್ಲ. ಈ ಸಂಗತಿ ನನ್ನ ಅರಿವಿಗೆ ಬಂದದ್ದು ಖಾನಾಪುರದಿಂದ ಸುಮಾರು 7000 ಕಿಲೋಮೀಟರು ದೂರದಲ್ಲಿ, ಜರ್ಮನಿಯ ಮೈನ್ ನದಿಯ ತೀರದಲ್ಲಿರುವ ವ್ಯೂರ್ತ್ಸ್‌ಬುರ್ಗ್ ಎಂಬ ಪುರಾತನ ನಗರದಲ್ಲಿ. ನದೀಯಾನದ ಹಡಗು ಒಂದು ಹಗಲಿನ ಮಟ್ಟಿಗೆ ದಡಕ್ಕೆ ಹತ್ತಿದ್ದ ಸಮಯದಲ್ಲಿ.

ಜರ್ಮನಿಯಲ್ಲಿ ನೆಲೆಸಿರುವ ಮಗಳೂ ಅಳಿಯನೂ ಆ ಪ್ರವಾಸವನ್ನು ಏರ್ಪಡಿಸಿದ್ದರು. ನ್ಯೂರೆಂಬರ್ಗಿನಲ್ಲಿ ಹತ್ತಿದ ಹಡಗು ಮೈನ್ ನದಿಯ ಇಳಿಜಾರನ್ನು ಅನುಸರಿಸಿ ಫ್ರಾಂಕ್‌ಫರ್ಟಿನ ಕಡೆಗೆ ಸಾಗುತ್ತಿತ್ತು. ಸಾಗುತ್ತಿತ್ತೆನ್ನುವುದಕ್ಕಿಂತ ಮೆಟ್ಟಿಲಿಳಿಯುತ್ತಿತ್ತೆಂದರೆ ಸರಿಯಾದೀತು. ಆ ನದಿಯ ಮೇಲೆ ಅಲ್ಲಲ್ಲಿ, ಎರಡು ತುದಿಗಳಲ್ಲಿಯೂ ಬೃಹತ್ತಾದ ಬಾಗಿಲುಗಳುಳ್ಳ ಕೊಠಡಿಗಳನ್ನು ಕಟ್ಟಿರುವರು. ಹಡಗು ಒಳಗೆ ಬಂದೊಡನೆ ಹಿಂದಿನ ಬಾಗಿಲು ಮುಚ್ಚಿ, ಒಳಗಿನ ನೀರನ್ನು ಮೆಲ್ಲಮೆಲ್ಲನೆ ಹೊರಬಿಟ್ಟು, ಕೆಳಗಿನ ನದಿಯ ಮಟ್ಟಕ್ಕೆ ಅದನ್ನು ಇಳಿಸಿ, ಅನಂತರ ಮುಂದಿನ ಬಾಗಿಲನ್ನು ತೆರೆಯುವರು. ಮೈನ್ ನದಿಯಲ್ಲಿ ಇಂತಹ 34 ಕೊಠಡಿಗಳಿವೆಯಂತೆ. ಕಾಲುವೆಯ ತೂಬನ್ನು ಎತ್ತಿ ಇಳಿಸಿ ಗದ್ದೆಗೆ ನೀರುಣಿಸುವ ನಮ್ಮ ರೈತನು ಈ ಯುಕ್ತಿಯನ್ನು ಕಂಡರೆ ಕ್ಷಣಮಾತ್ರದಲ್ಲಿ ತಿಳಿದುಕೊಂಡಾನು. ನದಿಯನ್ನು ಏರಬೇಕಾದರೂ ಇಳಿಯಬೇಕಾದರೂ ಕೆಲಹೊತ್ತು ನಿಂತೇ ಮುಂದಕ್ಕೆ ಹೋಗಬೇಕೆಂಬ ನಿಯಮವು ಆ ಜಲಮಾರ್ಗದ ಪ್ರತಿಯೊಂದು ಬಾಗಿಲಿನಲ್ಲಿಯೂ ನನಗೆ ಪ್ರತ್ಯಕ್ಷವಾಯಿತು.

ಸೆಪ್ಟೆಂಬರಿನ ಕೊನೆಯ ವಾರದ ಒಂದು ಪ್ರಾತಃಕಾಲ, ನೀರಿನ ಮೇಲಿನ ಮಂಜು ಕರಗುತ್ತಿರಲು, ಎಡಗಡೆಯ ಗುಡ್ಡದ ನೆತ್ತಿಯ ಮೇಲೆ ಮಾರೀನ್‌ಬೆರ್ಗ್ ಎಂಬ ಕೋಟೆಯೂ ಬಲಗಡೆಯಲ್ಲಿ ದ್ರಾಕ್ಷೆಯ ಬಳ್ಳಿಗಳನ್ನು ಸಾಲುಸಾಲಾಗಿ ನೆಟ್ಟ ಕಡಿದಾದ ಇಳಿಜಾರೂ ಕಾಣಿಸಿಕೊಂಡುವು. ಷ್ಟೈನ್, ಎಂದರೆ ಕಲ್ಲು, ಎಂಬುದೇ ಆ ಇಳಿಜಾರಿನ ಹೆಸರು. ಸುಣ್ಣಕಲ್ಲಿನ ಆ ನೆಲವು ಹಗಲಿನ ಬಿಸಿಲನ್ನು ತನ್ನಲ್ಲಿ ಹಿಡಿದಿಟ್ಟುಕೊಂಡು ಇರುಳಿನಲ್ಲಿ ಬೇರುಗಳಿಗೆ ಕೊಡುವುದೆಂದೂ, ಕೆಳಗಿನ ನದಿಯ ಕನ್ನಡಿಯಿಂದ ಪ್ರತಿಫಲಿಸಿದ ಬೆಳಕು ಹಣ್ಣಿಗೆ ಎರಡನೆಯ ಸೂರ್ಯನಾಗುವುದೆಂದೂ ಮಗಳು ವಿವರಿಸಿದಳು. ಇಲ್ಲಿ ಹೆಚ್ಚಾಗಿ ಬೆಳೆಯುವ ಸಿಲ್ವಾನರ್ ಎಂಬ ಬಳ್ಳಿಯನ್ನು ಈ ಸೀಮೆಯಲ್ಲಿ ಮೊದಲು ನೆಟ್ಟದ್ದು 1659ರಲ್ಲಿ, ಸಮೀಪದ ಕಾಸ್ಟೆಲ್ ಎಂಬ ಗ್ರಾಮದಲ್ಲಿ. ಅದರ ಆಸವವನ್ನು ಚಪ್ಪಟೆಯಾದ, ಹೊಟ್ಟೆಯುಬ್ಬಿದ ವಿಶಿಷ್ಟ ಸೀಸೆಯಲ್ಲಿ ತುಂಬುವರು. ನಾನು ಮದ್ಯವನ್ನು ಮುಟ್ಟಿದವನಲ್ಲವಾದುದರಿಂದ ಹುದುಗದ ಹೊಸ ರಸವನ್ನು ಮಾತ್ರ ಸವಿದೆನು. ಹುಳಿ ಸಿಹಿಗಳ ನಡುವೆ ಕಲ್ಲಿನ ತಂಪೂ ಒಂದಿಷ್ಟು ಅದರಲ್ಲಿತ್ತು.

ಹಡಗಿನಿಂದ ಇಳಿದ ನಾವು ಮೊದಲು ಹೋದದ್ದು ಹಳೆಯ ಮೈನ್ ಸೇತುವೆಗೆ. 15ನೆಯ ಶತಮಾನದಲ್ಲಿ ಆರಂಭವಾಗಿ 16ನೆಯ ಶತಮಾನದಲ್ಲಿ ಮುಗಿದ ಆ ಕಲ್ಲುಸೇತುವೆಯ ಇಕ್ಕೆಲಗಳಲ್ಲಿ 12 ಶಿಲಾಮೂರ್ತಿಗಳು ನಿಂತಿವೆ. ಐರ್ಲೆಂಡಿನಿಂದ ಧರ್ಮೋಪದೇಶಕ್ಕೆ ಬಂದು ಇಲ್ಲಿಯೇ ಹತನಾದ ಕಿಲಿಯಾನನೂ ಅವುಗಳಲ್ಲಿ ಒಬ್ಬನು, ಪ್ರವಾಹದಿಂದ ಕಾಯುವನೆಂದು ನಂಬಿರುವ ನೆಪೊಮುಕನೂ ಒಬ್ಬನು. ಆದರೆ ನನ್ನ ಕಣ್ಣನ್ನು ಸೆಳೆದವರು ಕಲ್ಲಿನ ಮಹನೀಯರಲ್ಲ, ಅವರ ಪಾದದ ಬಳಿ ನಿಂತ ಸಾಮಾನ್ಯ ಜನ. ಸೇತುವೆಯ ಕೈಪಿಡಿಗೋಡೆಯ ಮೇಲೆ ಗಾಜಿನ ಬಟ್ಟಲನ್ನಿರಿಸಿ, ಮೊಳಕೈಯೂರಿ, ಕೆಳಗೆ ಹರಿಯುವ ನೀರನ್ನೂ ಪಕ್ಕದ ಕೊಠಡಿಯಲ್ಲಿ ಇಳಿಯುವ ಹಡಗನ್ನೂ ನೋಡುತ್ತ, ಮುದುಕರು, ಹೆಂಗಸರು, ವಿದ್ಯಾರ್ಥಿಗಳು ಸುಮ್ಮನೆ ನಿಂತಿದ್ದರು. ಯಾರಿಗೂ ಆಚೆಯ ದಡಕ್ಕೆ ಹೋಗುವ ಅವಸರವಿದ್ದಂತೆ ತೋರಲಿಲ್ಲ. ಸೇತುವೆಯೆಂಬುದು ದಾಟುವ ಸಾಧನವೆಂದೇ ತಿಳಿದಿದ್ದ ನನಗೆ ಅದು ತಲುಪಬೇಕಾದ ಸ್ಥಾನವೂ ಆಗಬಹುದೆಂಬುದು ಹೊಸ ಪಾಠವಾಯಿತು.

ಬೆಳಗಾವಿಯಿಂದ ನಾನು ತಂದಿದ್ದ ಕುಂದಾದ ಡಬ್ಬಿಯನ್ನು ಮಗಳು ಚೀಲದಲ್ಲಿ ಇಟ್ಟುಕೊಂಡಿದ್ದಳು. ಪಕ್ಕದಲ್ಲಿ ನಿಂತಿದ್ದ ಒಬ್ಬ ವೃದ್ಧರಿಗೆ ಒಂದು ತುಣುಕನ್ನು ಕೊಟ್ಟೆವು. ಹಾಲನ್ನು ಬತ್ತಿಸಿ ಬತ್ತಿಸಿ ಕಂದುಬಣ್ಣಕ್ಕೆ ತಿರುಗಿಸಿದ ಆ ಮಧುರ ಪದಾರ್ಥವನ್ನು ಅವರು ಕಣ್ಣುಮುಚ್ಚಿ ಸವಿದು, ಎಲ್ಲಿಯವರೆಂದು ಕೇಳಿ, ನಿಮ್ಮ ಊರಿಗೆ ನದಿ ಇದೆಯೇ ಎಂದರು. ನಮ್ಮ ತಾಲೂಕಿನಲ್ಲಿಯೇ ಹುಟ್ಟುವ ನದಿಯಿದೆಯೆಂದು ನಾನು ಸಂತೋಷದಿಂದ ಹೇಳಿದೆನು: ಕಣಕುಂಬಿಯಲ್ಲಿ ಉಗಮಿಸಿ, ಅಸೋಗದ ರಾಮಲಿಂಗನ ಗುಡಿಯ ಬಂಡೆಗಳನ್ನು ತೊಳೆದು, ಖಾನಾಪುರವನ್ನು ಬಳಸಿ, ಗಂಗಾಂಬಿಕೆಯ ಐಕ್ಯಸ್ಥಾನವಾದ ಎಂ. ಕೆ. ಹುಬ್ಬಳ್ಳಿಯನ್ನು ಹಾದು, ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಂತು, ಸುಮಾರು 300 ಕಿಲೋಮೀಟರು ಹರಿದು, ಬಸವಣ್ಣನವರು ಐಕ್ಯರಾದ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದೆಂದು ವರ್ಣಿಸಿದೆನು. ಅವರು ಎಲ್ಲವನ್ನೂ ಕೇಳಿ ಇನ್ನೊಂದು ಪ್ರಶ್ನೆ ಹಾಕಿದರು. ಮಗಳು ಅದನ್ನು ನಮ್ಮ ಮನೆಮಾತಿಗೆ ತಂದಳು: “ಅಪ್ಪಾ, ಸಂಜಿಮುಂದ ನೀವು ಆ ಹೊಳಿ ನೋಡಾಕ ಎಲ್ಲಿ ನಿಂದ್ರತೀರಿ ಅಂತ ಕೇಳಾಕತ್ತಾರ.”

ನದಿಯ ಉಗಮವನ್ನು ಬಲ್ಲೆ, ಸಂಗಮವನ್ನು ಬಲ್ಲೆ, ಅದರ ಪುಣ್ಯಕ್ಷೇತ್ರಗಳನ್ನು ಬಲ್ಲೆ. ಅದರ ಎದುರಿನಲ್ಲಿ ನಿಲ್ಲುವ ತಾಣವೊಂದನ್ನು ಮಾತ್ರ ನಾನು ಹೇಳಲಾರದೆ ಹೋದೆನು.

ಆ ಪ್ರಶ್ನೆ ದಿನವೆಲ್ಲ ನನ್ನ ಬೆನ್ನಿಗಿತ್ತು. ಸೇತುವೆಯಿಂದ ಊರೊಳಕ್ಕೆ ಹೋದಾಗ ಅದಕ್ಕೆ ಬೇರೊಂದು ಅರ್ಥವೂ ತೆರೆಯಿತು. ಈ ನಗರದ ದೊಡ್ಡ ದ್ರಾಕ್ಷಾತೋಟಗಳಲ್ಲಿ ಎರಡು ಯಾವ ಶ್ರೀಮಂತನ ಸ್ವತ್ತೂ ಅಲ್ಲ, ಧರ್ಮಸಂಸ್ಥೆಗಳ ಸ್ವತ್ತು. 1316ರಲ್ಲಿ ಯೋಹಾನ್ನೆಸ್ ಫಾನ್ ಷ್ಟೆರೆನ್ ಎಂಬ ನಾಗರಿಕನು ನಿರ್ಗತಿಕರಿಗೂ ರೋಗಿಗಳಿಗೂ ಆಶ್ರಯವಾಗಲೆಂದು ಬ್ಯೂರ್ಗರ್‌ಷ್ಪಿಟಾಲ್ ಎಂಬ ಧರ್ಮಶಾಲೆಯನ್ನು ಸ್ಥಾಪಿಸಿದನು; 1576ರಲ್ಲಿ ಇಲ್ಲಿಯ ಧರ್ಮಾಧಿಪತಿಯೂ ರಾಜನೂ ಆಗಿದ್ದ ಯೂಲಿಯುಸ್ ಎಖ್ಟರನು ಯೂಲಿಯುಸ್‌ಷ್ಪಿಟಾಲಿಗೆ ಅಸ್ತಿಭಾರವನ್ನಿಟ್ಟನು. ತೋಟಗಳೂ ಕಾಡುಗಳೂ ಹೊಲಗಳೂ ಅವುಗಳಿಗೆ ಉಂಬಳಿಯಾಗಿ ಬಂದುವು. ಇಳಿಜಾರಿನಲ್ಲಿ ಪಕ್ವವಾದ ಹಣ್ಣಿನ ಆದಾಯವು ಇಂದಿಗೂ ವೃದ್ಧರ ಹಾಸಿಗೆಗೂ ರೋಗಿಗಳ ಶುಶ್ರೂಷೆಗೂ ಒದಗುತ್ತಿದೆ. ಎಖ್ಟರನ ಆಸ್ಪತ್ರೆ ಎದ್ದ ನೆಲದಲ್ಲಿ ಹಿಂದೆ ಯೆಹೂದ್ಯರ ರುದ್ರಭೂಮಿಯಿತ್ತೆಂಬ ಕಠೋರ ಸತ್ಯವನ್ನು ಮರೆಯಲಾಗದು. ಒಬ್ಬರ ಕಣ್ಣೀರಿನ ಮೇಲೆ ಕಟ್ಟಿದ ಧರ್ಮವು ಆ ಋಣವನ್ನು ನೆನೆದೇ ಮುಂದುವರಿಯಬೇಕು. ಆದರೂ, ನಡೆಯಲಾರದವರಿಗೂ ನಿಲ್ಲಲಾರದವರಿಗೂ ಒಂದು ತಾಣ ಬೇಕೆಂದು ಊರೊಂದು ಏಳು ಶತಮಾನಗಳ ಕಾಲ ನೆನಪಿಟ್ಟುಕೊಂಡಿತೆಂಬುದು ಸಣ್ಣ ಮಾತಲ್ಲ.

ಆ ಆಸ್ಪತ್ರೆಯ ಅಂಗಳದಲ್ಲಿ ಕುಳಿತಿರುವಾಗ ನನಗೆ ನೆನಪಾದವರು ಸಿರಸಂಗಿಯ ಲಿಂಗರಾಜ ದೇಸಾಯಿಯವರು. 1906ರಲ್ಲಿ ತೀರಿಕೊಂಡ ಆ ಮಹಾನುಭಾವರು ತಮ್ಮ ಸಂಸ್ಥಾನದ ಸಮಸ್ತ ಆಸ್ತಿಯನ್ನೂ ವಿದ್ಯಾರ್ಥಿಗಳ ವ್ಯಾಸಂಗಕ್ಕೆಂದು ಮೃತ್ಯುಪತ್ರ ಬರೆದಿಟ್ಟರು. ಅವರ ಹೊಲಗಳ ಫಲವು ಬಡಮಕ್ಕಳ ಪುಸ್ತಕವಾಯಿತು, ಫೀಜಾಯಿತು. 1916ರಲ್ಲಿ ಏಳು ಜನ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1933ರಲ್ಲಿ ಅದು ತೆರೆದ ಕಾಲೇಜಿಗೆ ಲಿಂಗರಾಜರ ಹೆಸರೇ ಬಂದಿತು. ಟ್ರಂಕು ಹೊತ್ತು ನಾನು ಸೇರಿದ್ದು ಆ ಕಾಲೇಜನ್ನೇ. ಮೈನ್ ತೀರದ ದ್ರಾಕ್ಷೆಯಲ್ಲಿರುವ ಧರ್ಮವೇ ಮಲಪ್ರಭೆಯ ಸೀಮೆಯ ಕಪ್ಪುಮಣ್ಣಿನಲ್ಲಿಯೂ ಇತ್ತೆಂಬುದನ್ನು ಪರದೇಶದ ಅಂಗಳದಲ್ಲಿ ಕುಳಿತು ತಿಳಿದಾಗ ಕಣ್ಣು ತೇವಗೊಂಡಿತು.

ಇನ್ನೊಂದು ಋಣವೂ ಇತ್ತು. 1895ರ ನವೆಂಬರ್ 8ರಂದು ಈ ಊರಿನ ಪ್ರಯೋಗಶಾಲೆಯಲ್ಲಿಯೇ ವಿಲ್‌ಹೆಲ್ಮ್ ರೋಂಟ್‌ಗೆನ್ನನು ಕ್ಷ-ಕಿರಣಗಳನ್ನು ಕಂಡುಹಿಡಿದನು. ಹಿಂದೊಮ್ಮೆ ಜೀಪಿನಲ್ಲಿ ನಮ್ಮ ಸೇತುವೆಯನ್ನು ದಾಟಿ ಬೆಳಗಾವಿಗೆ ಹೋದ ನನ್ನ ತಾಯಿಯ ಎದೆಯೊಳಗಿನ ಬಾಧೆಯನ್ನು ವೈದ್ಯರು ಕಪ್ಪು ಹಾಳೆಯೊಂದನ್ನು ದೀಪಕ್ಕೆ ಹಿಡಿದು ತೋರಿಸಿದ್ದರು. ಹೆಸರನ್ನೂ ಕೇಳದಿದ್ದ ಊರೊಂದು ಅಂದು ನಮ್ಮ ಮನೆಯ ಸಂಕಟಕ್ಕೆ ಬೆಳಕು ಹಿಡಿದಿತ್ತು.

ಮಧ್ಯಾಹ್ನ ಅರಮನೆಗೆ ಹೋದೆವು. ಬಾಲ್ಥಜಾರ್ ನೊಯ್ಮಾನ್ ಎಂಬ ಸ್ಥಪತಿ ಅದರ ಮಹಾಸೋಪಾನದ ಮೇಲೆ ನಡುವೆ ಒಂದು ಕಂಬವನ್ನೂ ನಿಲ್ಲಿಸದೆ ಕಲ್ಲಿನ ಕಮಾನುಛತ್ತನ್ನು ಹರಹಿದನು. 1752-53ರಲ್ಲಿ ಇಟಲಿಯ ಟಿಯೆಪೊಲೊ ಅದರ ಮೈತುಂಬ ನಾಲ್ಕು ಖಂಡಗಳನ್ನು ಚಿತ್ರಿಸಿದನು. ಏಷ್ಯಾಖಂಡವು ಸ್ತ್ರೀರೂಪದಲ್ಲಿ ಆನೆಯನ್ನೇರಿ ಬರುತ್ತಿತ್ತು. ನಮ್ಮ ಬೆಳಗಾವಿಯ ಕೋಟೆಯೊಳಗೆ, ರಟ್ಟರ ಕಾಲದಲ್ಲಿ 1204ರಲ್ಲಿ ಕಟ್ಟಿದ ಕಮಲಬಸದಿಯ ಛತ್ತಿನಿಂದ ಇಳಿಬಿದ್ದ ಕಲ್ಲಿನ ತಾವರೆಯನ್ನು ಬಾಲ್ಯದಲ್ಲಿ ಕತ್ತೆತ್ತಿ ನೋಡಿದವನಿಗೆ, ಭಾರವಾದ ಶಿಲೆಯನ್ನು ಆಕಾಶಕ್ಕೆ ಒಪ್ಪಿಸುವ ಶಿಲ್ಪಿಯ ಧೈರ್ಯವು ಅಪರಿಚಿತವಾಗಿರಲಿಲ್ಲ. 1945ರ ಮಾರ್ಚ್ 16ರ ರಾತ್ರಿ, ಸುಮಾರು 20 ನಿಮಿಷಗಳ ಬಾಂಬಿನ ಮಳೆಯಲ್ಲಿ ಈ ನಗರವು ಬಹುಪಾಲು ಭಸ್ಮವಾಗಿ, ಸುಮಾರು 5000 ಜನರು ಅಳಿದರು. ಅರಮನೆಯ ಮಾಡು ಉರಿದು ಬಿದ್ದಿತು, ನೊಯ್ಮಾನನ ಕಲ್ಲಿನ ಛತ್ತು ಮಾತ್ರ ಚಿತ್ರಸಹಿತವಾಗಿ ನಿಂತಿತು. ಪ್ರತಿವರ್ಷ ಆ ದಿನ ಅದೇ ಹೊತ್ತಿಗೆ ಊರಿನ ಗಂಟೆಗಳೆಲ್ಲವೂ ಮೊಳಗುವುವಂತೆ. ಇಂದು ಕಾಣುವ ಕೆಂಪು ಹೆಂಚಿನ ಸಾಲುಗಳು ಬೂದಿಯಿಂದ ಮರಳಿ ಎದ್ದ ಮನೆಗಳವು. ಹೆಂಚನ್ನು ಕಂಡೊಡನೆ ನನ್ನ ಮನಸ್ಸು ಖಾನಾಪುರದ ಹೆಂಚಿನ ಭಟ್ಟಿಗಳಿಗೆ ಹೋಯಿತು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನ ಗಿಯೋರ್ಗ್ ಪ್ಲೆಬ್ಸ್ಟ್ ಎಂಬವರು ಆರಂಭಿಸಿದ ಆ ಉದ್ಯಮವು ನಮ್ಮ ಸೀಮೆಯ ಕೆಂಪುಮಣ್ಣಿಗೂ ಉಸಿರು ತಂದು, ಎಷ್ಟೋ ಮನೆಗಳಿಗೆ ನೆರಳಾಯಿತು.

ಈ ಊರಿನ ವಿಶ್ವವಿದ್ಯಾನಿಲಯದ ಭಾರತವಿದ್ಯಾ ವಿಭಾಗದಲ್ಲಿ ಕನ್ನಡವನ್ನು ಕಲಿಸಿರುವರೆಂಬುದನ್ನು ಕೇಳಿ ನನಗಾದ ಆನಂದ ಅನಿರ್ವಚನೀಯ. ಹೈಡ್ರೂನ್ ಬ್ರೂಕ್ನರ್ ಅವರ ಆಸ್ಥೆಯಿಂದ ಅಲ್ಲಿ ಬೇರೂರಿದ ಆ ಅಧ್ಯಯನಕ್ಕೆ ನಮ್ಮ ಬಿ. ಎ. ವಿವೇಕ ರೈ ಅವರು ಅತಿಥಿ ಪ್ರಾಧ್ಯಾಪಕರಾಗಿ ಹೋಗಿ ನೀರೆರೆದರು. ನಮ್ಮ ಶಬ್ದಗಳನ್ನು ಹೆಕ್ಕಿ 1894ರಲ್ಲಿ ಕೋಶವಾಗಿಸಿದ ಕಿಟ್ಟೆಲರ ದೇಶದಲ್ಲಿ ನಮ್ಮ ಭಾಷೆಗೆ ನಿಲ್ಲಲು ಒಂದು ಜಗಲಿಯಿದೆ. ಕನ್ನಡ ಮರಾಠಿಗಳೆರಡನ್ನೂ ಒಂದೇ ತಾಯಿಯ ಮಡಿಲಲ್ಲಿ ಕಲಿತ ಖಾನಾಪುರದವನಿಗೆ, ನುಡಿಯನ್ನು ಪ್ರೀತಿಯಿಂದ ಕಲಿಯುವವರ ಸುದ್ದಿಯೇ ಒಂದು ಸಾಂತ್ವನ.

ಸಂಜೆ ಹಡಗು ಹೊರಟಿತು. ಸೇತುವೆಯ ಮೇಲಿದ್ದವರು ಕೈಬೀಸಿದರು, ನಾವೂ ಬೀಸಿದೆವು.

ದಸರೆ ಮುಗಿದ ಮೇಲೆ ಊರಿಗೆ ಮರಳಿ, ಒಂದು ಸಾಯಂಕಾಲ ಖಾನಾಪುರದ ಸೇತುವೆಯ ಬಳಿ ಬಸ್ಸಿನಿಂದ ಇಳಿದೆನು. ಮಳೆಗಾಲದ ಕೆಂಪು ಇಳಿದು ಹೊಳೆ ತಿಳಿಯಾಗತೊಡಗಿತ್ತು. ದಡದಲ್ಲಿ ಪ್ಲಾಸ್ಟಿಕ್ಕಿನ ಚೀಲಗಳೂ ಪೂಜೆಯ ಹೂವಿನ ರಾಶಿಯೂ ಸಿಕ್ಕಿಕೊಂಡಿದ್ದುವು. ದಾಟುವವನ ಕಣ್ಣಿಗೆ ಅವು ಇಷ್ಟು ವರ್ಷ ಬಿದ್ದಿರಲಿಲ್ಲ, ನಿಂತವನ ಎದೆಗೆ ಅವು ಮುಳ್ಳಾಗಿ ಚುಚ್ಚಿದುವು. ನಿಂತು ನೋಡದ ನೀರನ್ನು ಯಾರು ತಾನೆ ಕಾಪಾಡುವರು? ಪಶ್ಚಿಮದಲ್ಲಿ ಕಣಕುಂಬಿಯ ಕಡೆಯ ಬೆಟ್ಟಗಳ ಮೇಲೆ ಬೆಳಕು ಕಂದುತ್ತಿತ್ತು.

ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನ ತರುಣನೊಬ್ಬನು ಕಾಲೂರಿ ನಿಂತನು. “ಯಾಕ್ರೀ ಸರ, ಬಸ್ ತಪ್ಪಿತೇನ್ರೀ?”

“ಇಲ್ಲಪಾ, ಹೊಳಿ ನೋಡಾಕ ನಿಂತೇನಿ.”

ಅವನು ನನ್ನನ್ನೊಮ್ಮೆ ನೋಡಿದನು, ನೀರನ್ನೊಮ್ಮೆ ನೋಡಿದನು. “ನಮ್ಮ ಅಜ್ಜ ನನಗ ಈಜ ಕಲಿಸಿದ್ದು ಇಲ್ಲೇ ನೋಡ್ರಿ, ಆ ಬಂಡಿ ಹತ್ರ,” ಎಂದು ಕೈತೋರಿದನು. ಬಳಿಕ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಕೈಪಿಡಿಗೋಡೆಯ ಮೇಲೆ ಮೊಳಕೈಯೂರಿ, ನನ್ನ ಪಕ್ಕದಲ್ಲಿ ನಿಂತನು. ಬೆಳಗಾವಿಯ ಬಸ್ಸು ಬಂದು, ನಮ್ಮ ಬೆನ್ನ ಹಿಂದೆ ಹಾದುಹೋಯಿತು.