ಶವಗಳ ನಡುವಿನ ನ್ಯಾಯ: ಕಾದಂಬರಿಯಿಂದ ಚಿತ್ರಕ್ಕೆ

ಲಿಯೊನಾರ್ಡೊ ಶಾಶಾ ಅವರ ‘ಇಲ್ ಕಾಂತೆಸ್ತೊ’ (1971) ಕಾದಂಬರಿಯನ್ನು ಫ್ರಾಂಚೆಸ್ಕೊ ರೋಸಿ 1976ರಲ್ಲಿ ‘ಕಾದಾವೆರಿ ಎಚ್ಚೆಲ್ಲೆಂತಿ’ ಎಂಬ ಚಲನಚಿತ್ರವಾಗಿಸಿದರು. ವೃದ್ಧ ನ್ಯಾಯಾಧೀಶನೊಬ್ಬನು ಪಲೆರ್ಮೊದ ಕಪುಚಿನ್ ನೆಲಮಾಳಿಗೆಯಲ್ಲಿ ಒಣಗಿ ನಿಂತ ಹೆಣಗಳನ್ನು ದಿಟ್ಟಿಸುತ್ತ ನಡೆಯುತ್ತಾನೆ. ಹೊರಬಂದು ಗುಂಡಿಗೆ ಬಲಿಯಾಗುತ್ತಾನೆ. ಬಳಿಕ ಮತ್ತಷ್ಟು ನ್ಯಾಯಾಧೀಶರ ಕೊಲೆಯಾಗುತ್ತದೆ. ತನಿಖಾಧಿಕಾರಿ ರೋಗಾಸ್ ಮೊದಲು ಅರಸುವುದು ತಪ್ಪು ತೀರ್ಪಿನಿಂದ ನೊಂದವನನ್ನು. ಅವನಿಗೆ ಎದುರಾಗುವುದು ಪ್ರಭುತ್ವದೊಳಗಿನ ಪಿತೂರಿ. ನ್ಯಾಯದಾನದಲ್ಲಿ ದೋಷವೆಂಬುದೇ ಅಸಂಭವವೆಂದು ಹಿರಿಯ ನ್ಯಾಯಾಧೀಶನು ಶಾಂತವಾಗಿ ವಾದಿಸುವ ದೃಶ್ಯವೇ ಚಿತ್ರದ ತಿರುಳು. ಕೊಲೆಗಳಿಗಿಂತ ಅದು ಭೀಕರ.

ಕನ್ನಡದಲ್ಲಿ ಇದಕ್ಕೆ ಸಮೀಪವಾದುದು ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ, ಎಂ.ಎಸ್. ಸತ್ಯು ನಿರ್ದೇಶನದ ‘ಬರ’ (1982). ಅಲ್ಲಿ ಪತ್ತೇದಾರಿಕೆಯಿಲ್ಲ, ಪ್ರಾಮಾಣಿಕ ಜಿಲ್ಲಾಧಿಕಾರಿಯೊಬ್ಬನು ಜಿಲ್ಲೆಯನ್ನು ಬರಪೀಡಿತವೆಂದು ಘೋಷಿಸಬೇಕೆಂದು ಹೊರಟು ರಾಜಕಾರಣದ ಲೆಕ್ಕಾಚಾರಕ್ಕೆ ಸಿಲುಕುತ್ತಾನೆ. ಕೊಪ್ಪಳ ಜಿಲ್ಲೆಯ ನವಲಿಯ ಕಡೆಯ ಪ್ರೇಕ್ಷಕನಿಗೆ ಪಿಸ್ತೂಲಿಗಿಂತ ಬರದ ಕಡತವೇ ಹೆಚ್ಚು ಪರಿಚಿತವಷ್ಟೆ.

ಕಾದಂಬರಿಯ ದೇಶಕ್ಕೆ ಹೆಸರಿಲ್ಲ. ಚಿತ್ರದಲ್ಲಿ ಅದು ಇಟಲಿಯೆಂಬುದು ಮರೆಯಾಗುವುದಿಲ್ಲ. ಕೊನೆಯಲ್ಲಿ ರೋಗಾಸನೂ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿಯೂ ಒಟ್ಟಿಗೇ ಹತರಾದಾಗ, ಅಧಿಕೃತ ಸುಳ್ಳನ್ನು ಅರಿತ ಪಕ್ಷವೂ ಮೌನವನ್ನೇ ಆಯ್ದುಕೊಳ್ಳುತ್ತದೆ. 1975ರಲ್ಲಿ ಅದೇ ಪಕ್ಷದ ಪಟ್ಟಿಯಿಂದ ಸ್ವತಂತ್ರರಾಗಿ ಪಲೆರ್ಮೊ ನಗರಸಭೆಗೆ ಆಯ್ಕೆಯಾಗಿದ್ದ ಶಾಶಾ 1977ರಲ್ಲಿ ರಾಜೀನಾಮೆಯಿತ್ತು ಹೊರಬಂದರು.