ಬಿಸಿಲಿದ್ದೂ ಕರೆಂಟಿಲ್ಲ!

ಮೈಸೂರಿನಿಂದ ಅಮ್ಮ ಮೂರು ತಿಂಗಳಿಗೆಂದು ಲಾಸ್ ಏಂಜಲೀಸ್‌ಗೆ ಬಂದಿದ್ದಾಗ ನಡೆದ ಪ್ರಸಂಗವಿದು. ಐವತ್ತು ದಾಟಿದ ಮೇಲೆ ಹತ್ತಿದ ಹುಚ್ಚಿಗೆ ಹಳೆಯದೊಂದು ಕ್ಯಾಂಪರ್ ವ್ಯಾನ್ ಕೊಂಡಿದ್ದೆ. ಕ್ಯಾಲಬಾಸಸ್‌ನ ಬೆಟ್ಟದಲ್ಲಿರುವ ಮಾಲಿಬು ದೇವಸ್ಥಾನಕ್ಕೆ ಒಯ್ದು ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟದ್ದಾಯಿತು. ಡಿಸೆಂಬರ್ ರಜೆಯಲ್ಲಿ ಸ್ಯಾನ್ ಡಿಯೇಗೋ ಕಡೆಗೆ ಹೊರಟೆವು.

"ಔಷಧಿ ಬಿಟ್ಟು ನಾನೆಲ್ಲಿಗೂ ಬರೋಲ್ಲ" ಎಂದು ಅಮ್ಮ ಮೂರು ತಿಂಗಳ ಇನ್ಸುಲಿನ್ನನ್ನೂ ವ್ಯಾನಿನ ಪುಟ್ಟ ಫ್ರಿಜ್‌ಗೆ ಸೇರಿಸಿದರು. ಐದನೇ ಹೆದ್ದಾರಿಯಲ್ಲಿ ಸ್ಯಾನ್ ಕ್ಲೆಮೆಂಟೆ ದಾಟಿದರೆ ಬಲಕ್ಕೆ ಸಮುದ್ರ, ಎಡಕ್ಕೆ ಕ್ಯಾಂಪ್ ಪೆಂಡಲ್‌ಟನ್ನಿನ ಬೋಳು ಗುಡ್ಡಗಳು. ಕಾರ್ಡಿಫ್‌ನ ಸ್ಯಾನ್ ಎಲಿಹೋ ಕಡಲತೀರದ ದಿಬ್ಬದ ಮೇಲೆ ಬಿಡಾರ. ಅಲೆಗಳ ಸದ್ದು, ಆಗಾಗ ರೈಲಿನ ಕೂಗು, ಮನೆಯಾಕೆ ಮಾಡಿದ ಬಿಸಿಬೇಳೆಭಾತ್. ಇನ್ನೇನು ಬೇಕು?

ನಾಲ್ಕನೇ ಬೆಳಿಗ್ಗೆ ಫ್ರಿಜ್ ನಿಂತಿತ್ತು. ಒಳಗೆಲ್ಲ ಬೆಚ್ಚಗೆ.

"ಇಷ್ಟು ಬಿಸಿಲಿದೆ, ಕರೆಂಟ್ ಎಲ್ಲಿ ಹೋಯ್ತೋ?" ಎಂದರು ಅಮ್ಮ.

ಡಾಕ್ಟರ್ ಮಗ ತಬ್ಬಿಬ್ಬು! ಎರಡರಿಂದ ಎಂಟು ಡಿಗ್ರಿಯಲ್ಲಿಡಬೇಕಾದ ಇನ್ಸುಲಿನ್ ಹೊರಗಿನ ಶಾಖಕ್ಕೆ ಬಂದರೆ ತಕ್ಷಣ ಕೆಡುವುದಿಲ್ಲ, ನಿಜ. ಆದರೆ ಸಾಮಾನ್ಯವಾಗಿ 28 ದಿನಗಳೊಳಗೆ ಬಳಸಿ ಮುಗಿಸಬೇಕು. ಅಂದರೆ ಮೂರು ತಿಂಗಳ ಔಷಧಿ ಒಂದೇ ಬೆಳಗಿನಲ್ಲಿ ಒಂದು ತಿಂಗಳದ್ದಾಯಿತು. ಊರಿಂದ ಜೋಪಾನವಾಗಿ ತಂದದ್ದೆಂದು ಅಮ್ಮ ಸುಮ್ಮನಾಗಿಬಿಟ್ಟರು. ಬೈದಿದ್ದರೆ ವಾಸಿಯಿತ್ತು.

ಮನೆಗೆ ಬಂದು ಪೋಸ್ಟ್ ಮಾರ್ಟಮ್ ಮಾಡಿದೆ. ವ್ಯಾನಿನ ಮೇಲೆ ನೂರು ವಾಟ್‌ನ ಎರಡು ಪ್ಯಾನಲ್, ಕೆಳಗೆ 100 ಆಂಪಿಯರ್-ಅವರ್‌ನ ಎಜಿಎಂ ಬ್ಯಾಟರಿ. ಇಂಥ ಬ್ಯಾಟರಿಯ ಅರ್ಧ ಮಾತ್ರ ಬಳಸುವುದು ಕ್ಷೇಮ, ಅಂದರೆ 50. ಫ್ರಿಜ್, ದೀಪ, ಫೋನು ಸೇರಿ ನಮ್ಮ ದಿನದ ಖರ್ಚು 43. ಬರುತ್ತಿದ್ದದ್ದು 28. ದಿನಕ್ಕೆ ಹದಿನೈದರ ಸಾಲ. ಮೂರು ರಾತ್ರಿಗೆ ದಿವಾಳಿ!

ಕಳ್ಳ ಸಿಕ್ಕಿದ್ದು ನಡುವಿನ ಚಾರ್ಜ್ ಕಂಟ್ರೋಲರಿನಲ್ಲಿ. ನಾಲ್ಕು ಕಾಸು ಉಳಿಸಲು ನಾನೇ ಹಾಕಿಸಿದ ಅಗ್ಗದ ಪಿಡಬ್ಲ್ಯುಎಂ ಅದು. ಪ್ಯಾನಲ್ ಚೆನ್ನಾಗಿ ದುಡಿಯುವುದು ಸುಮಾರು 18 ವೋಲ್ಟ್‌ನಲ್ಲಿ. ಪಿಡಬ್ಲ್ಯುಎಂ ಅದನ್ನು ಬ್ಯಾಟರಿಯ 13 ವೋಲ್ಟ್‌ಗೆ ಎಳೆದು ತರುತ್ತದೆ. ಕರೆಂಟ್ ಮಾತ್ರ ಹಾಗೇ ಉಳಿದು, ಕಾಲು ಭಾಗಕ್ಕೂ ಹೆಚ್ಚು ವಾಟ್ ವ್ಯರ್ಥ. ಎಂಪಿಪಿಟಿ ಎಂಬ ಜಾಣ ಹೆಚ್ಚಿನ ವೋಲ್ಟೇಜನ್ನು ಹೆಚ್ಚಿನ ಆಂಪಿಯರ್‌ಗೆ ಬದಲಿಸಿಕೊಡುತ್ತಾನೆ: 11 ಆಂಪಿಯರ್ ಬರುವಲ್ಲಿ 14. ಚಳಿಗಾಲದಲ್ಲಿ ಲಾಭ ಇನ್ನೂ ಜಾಸ್ತಿ, ಏಕೆಂದರೆ ತಣ್ಣಗಿದ್ದಷ್ಟೂ ಪ್ಯಾನಲ್‌ನ ವೋಲ್ಟೇಜ್ ಏರುತ್ತದೆ.

ಅದೇ ಕಾರಣಕ್ಕೆ ಕೊಳ್ಳುವಾಗ ಎಚ್ಚರವೂ ಬೇಕು. 22 ವೋಲ್ಟ್‌ನ ಎರಡು ಪ್ಯಾನಲ್ ಸರಣಿಯಲ್ಲಿ ಜೋಡಿಸಿದರೆ 44. ಚಳಿಯ ಬೆಳಗ್ಗೆ ಇನ್ನೂ ಮೇಲೇರುವುದರಿಂದ 50 ವೋಲ್ಟ್ ಮಿತಿಯದು ಬೇಡವೆಂದು 75 ವೋಲ್ಟ್, 20 ಆಂಪಿಯರ್‌ನದನ್ನು ಆರಿಸಿದೆ. ಬ್ಯಾಟರಿಯ ಜಾತಿಯನ್ನೂ ಅದಕ್ಕೆ ತಿಳಿಸಬೇಕು. ಎಜಿಎಂ, ಜೆಲ್, ಲಿಥಿಯಂ ಎಲ್ಲಕ್ಕೂ ಒಂದೇ ಪಥ್ಯವಲ್ಲ. ಮೊದಲು ಲೋಡಿಂಗ್ ಡೋಸ್, ತುಂಬಿದ ಮೇಲೆ ಮೇಂಟೆನೆನ್ಸ್ ಡೋಸ್. ಇದಾದರೂ ನನಗೆ ಹೊಸದಲ್ಲ!

ಅಮ್ಮ ಹೊರಡುವ ಮುಂಚೆ ಮತ್ತೆ ಹೋದೆವು, ಈ ಬಾರಿ ಸ್ಯಾನ್ ಡಿಯೇಗೋ ಕೌಂಟಿಯ ಆನ್ಜಾ-ಬೊರೇಗೋ ಮರುಭೂಮಿಗೆ. ಬೊರೇಗೋ ಸ್ಪ್ರಿಂಗ್ಸ್‌ಗೆ 2009ರಲ್ಲಿ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಊರೆಂಬ ಮನ್ನಣೆ ಸಿಕ್ಕಿದೆ, ಬೀದಿದೀಪಗಳ ಕಾಟವಿಲ್ಲ. ಶಾಲು ಹೊದ್ದು ಕೂತ ಅಮ್ಮ, ಬಾಲ್ಯದಲ್ಲಿ ಅಂಗಳದಲ್ಲಿ ಕಂಡಷ್ಟೇ ನಕ್ಷತ್ರ ಇಲ್ಲಿವೆ ಎಂದರು. ಐದು ರಾತ್ರಿ ಫ್ರಿಜ್ ನಿಲ್ಲಲಿಲ್ಲ. ಒಳಗೆ, ನಾನು ಇಲ್ಲಿ ಕೊಂಡುಕೊಟ್ಟ ಹೊಸ ಇನ್ಸುಲಿನ್ ತಣ್ಣಗಿತ್ತು.

ಈಗಲೂ ಫೋನಿನಲ್ಲಿ ಅಮ್ಮ ಕೇಳುವುದುಂಟು: "ಬ್ಯಾಟರಿ ಬಿಪಿ ನೋಡಿದ್ಯೇನೋ?" ದಿನಾ ನೋಡುತ್ತೇನೆ.